ಅಪ್‌ಡೇಟ್: ಅಡಿಕೆ ಲೆಕ್ಕದ ಆ್ಯಪ್‌ಗೆ ದುಡ್ಡು ಸಿಗಲಿಲ್ಲ, ಇಬ್ಬರು ವಿದ್ಯಾರ್ಥಿಗಳು ಸಿಕ್ಕರು

ಮಳೆಗಾಲಕ್ಕೆ ಮುಂಚೆ ಕೇಳಿದ್ದೆ, ಶಿರಸಿಯಲ್ಲಿ ಕೂತು ನಾನೊಬ್ಬನೇ ಬರೆಯುತ್ತಿರುವ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಬಹುದಾದ) ಅಡಿಕೆ ಲೆಕ್ಕದ ಆ್ಯಪ್‌ಗೆ ಹಣ ಮತ್ತು ವಿದ್ಯಾರ್ಥಿಗಳ ಸಹಾಯ ಎಲ್ಲಿ ಸಿಗುತ್ತದೆ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಷೇರು ವ್ಯಾಪಾರದ ಕಂಪನಿ ಜೆರೋಧಾದವರು 2024ರಲ್ಲಿ ಶುರು ಮಾಡಿದ, ಓಪನ್ ಸೋರ್ಸ್ ಕೆಲಸಕ್ಕೆ ಹಣ ಕೊಡುವ ಫ್ಲಾಸ್ ಫಂಡ್ ನೋಡಿ ಅಂದಿದ್ದಿರಿ. ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್ ಕೊಡುತ್ತಾರೆ, ನಿಜ. ಆದರೆ ಅದು ಆಗಲೇ ತುಂಬಾ ಜನ ನೆಚ್ಚಿಕೊಂಡಿರುವ ಸಾಫ್ಟ್‌ವೇರ್‌ಗೆ. ನನ್ನದನ್ನು ಬಳಸುವುದು 40 ಮನೆ! ಅರ್ಜಿ ಹಾಕಲಿಲ್ಲ. ಆದರೂ ಅದಕ್ಕೆ ಬೇಕಾದ ಫಂಡಿಂಗ್ ಡಾಟ್ ಜೇಸನ್ ಫೈಲ್ (ಪ್ರಾಜೆಕ್ಟಿನ ವಿವರ, ಬೇಕಾದ ಹಣ ಎಲ್ಲ ಬರೆಯುವ ಫೈಲ್) ಬರೆಯಲು ಕೂತಾಗಲೇ ಗೊತ್ತಾಗಿದ್ದು, ಬೇರೆಯವರು ಕೋಡನ್ನು ಬಳಸಲು, ತಿದ್ದಲು ಅನುಮತಿ ಕೊಡುವ ಲೈಸೆನ್ಸನ್ನೇ ನಾನು ಹಾಕಿರಲಿಲ್ಲ. ಕೋಡ್ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಓಪನ್ ಸೋರ್ಸ್ ಆಗುವುದಿಲ್ಲ ಅಲ್ವಾ. ಈಗ ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್ ಹಾಕಿದ್ದೇನೆ.

ಓಪನ್ ಸೋರ್ಸ್ ಕೆಲಸ ಮಾಡುವ ಹೊಸಬರಿಗೆ ಗೂಗಲ್ ಹಣ ಕೊಡುವ ಕಾರ್ಯಕ್ರಮ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಸಂಸ್ಥೆಯಾಗಿ ಅರ್ಜಿ ಹಾಕಬೇಕು, ಅವರಿಗೆ ಕಲಿಸಿಕೊಡುವ ಮೆಂಟರ್‌ಗಳು ಬೇಕು. ಒಂಟಿ ಮನುಷ್ಯನಿಗೆ ಆಗುವ ಮಾತಲ್ಲ.

ಕಾಲೇಜಿನ ಕಡೆ ಹೋದದ್ದೇ ಒಳ್ಳೆಯದಾಯಿತು. ಮೊದಲು ಬಂದ ಏಳು ಜನ ಸುಮ್ನೆ ಆ್ಯಪ್ ಬಗ್ಗೆ ವಿವರಿಸುವ ಫೈಲ್ ಆದ ರೀಡ್‌ಮಿಯಲ್ಲಿ ಒಂದು ಕಾಮಾ ತಿದ್ದಿ ಮಾಯವಾದರು. ಉಳಿದದ್ದು ಇಬ್ಬರು. ಅದರಲ್ಲಿ ಕುಮಟಾದ ಹುಡುಗಿ ಫೋನನ್ನು ಅಜ್ಜನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ನೋಡಿದಳಂತೆ. ಅಜ್ಜ ಚಾಲಿಯ (ಒಣಗಿಸಿ ಸುಲಿದ ಅಡಿಕೆ) ತೂಕವನ್ನು ಕನ್ನಡ ಅಂಕಿಯಲ್ಲಿ ‘೧೨’ ಅಂತ ಬರೆದರು, ಆ್ಯಪ್ ಸೊನ್ನೆ ಅಂತ ಹಿಡಿಯಿತು. ಎರಡು ವರ್ಷದಿಂದ ನನ್ನ ಕಣ್ಣಿಗೆ ಬೀಳದ ತಪ್ಪು! ಅವಳೇ ಸರಿ ಮಾಡಿ ಕಳಿಸಿದಳು.

ಇಬ್ಬರಿಗೂ ಪ್ರಾಜೆಕ್ಟ್ ಅಂಕಕ್ಕೆ ಇದೇ ಕೆಲಸ ಲೆಕ್ಕಕ್ಕೆ ಬರುತ್ತದೆ. ಬಸ್ ಚಾರ್ಜು, ಚಹಾ ನನ್ನ ಜೇಬಿಂದ.