ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲ, ಅಪ್ಪನ ತಾಳಮದ್ದಳೆ ಸಿಡಿಯಲ್ಲಿದೆ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಸಾಗರದಿಂದ:
ಮನೆಯಲ್ಲಿ ಸುಮಾರು ಅರವತ್ತು ಸಿಡಿ, ಡಿವಿಡಿಗಳಿವೆ. 2003ರ ನಮ್ಮ ಮದುವೆಯ ವಿಸಿಡಿ, ಮಕ್ಕಳ ಫೋಟೊಗಳು, ಎಲ್ಲಕ್ಕಿಂತ ಹೆಚ್ಚಾಗಿ ತೀರಿಕೊಂಡ ಅಪ್ಪ ವಾಲಿಯ ಅರ್ಥ ಹೇಳಿದ ತಾಳಮದ್ದಳೆಯ ಮೂರು ಆಡಿಯೊ ಸಿಡಿಗಳು. ಹೊಸ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಕೊಳ್ಳಲೇ, ಅಂಗಡಿಗೆ ಕೊಡಲೇ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ:
ಅಕ್ಕಾ, ಡ್ರೈವ್ ಕೊಳ್ಳಿ, ತಡ ಮಾಡಬೇಡಿ. 1998ರಿಂದ ಹದಿನೈದು ವರ್ಷ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದವನು ನಾನು. ಆಗ ಗಿರಾಕಿಗಳು ಮೊದಲು ಕೇಳುತ್ತಿದ್ದುದೇ ‘ಸಿಡಿ ಡ್ರೈವ್ ಎಷ್ಟು ಎಕ್ಸ್?’ ಎಂದು. ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕಿಲೋಬೈಟ್. ಡಬ್ಬಿಯ ಮೇಲೆ 52 ಎಕ್ಸ್ ಎಂದು ಬರೆದಿದ್ದರೂ ತಟ್ಟೆಯ ಹೊರ ಅಂಚಿನಲ್ಲಿ ಮಾತ್ರ ಆ ವೇಗ ಸಿಗುತ್ತಿತ್ತು. ಫ್ಲಾಪಿಯ ಕಷ್ಟ ಕಂಡವರಿಗೆ ಅದೇ ದೊಡ್ಡ ಭಾಗ್ಯ. ವಿಂಡೋಸ್ 95 ಹಾಕಲು ಹದಿಮೂರು ಫ್ಲಾಪಿಗಳನ್ನು ಒಂದಾದ ಮೇಲೊಂದು ತೂರಿಸಬೇಕಿತ್ತು. ಹನ್ನೊಂದನೆಯದು ಕೈಕೊಟ್ಟರೆ ಅಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ. ಸಿಡಿಯಲ್ಲಾದರೆ ಒಂದರಲ್ಲೇ 650 ಎಂಬಿ. ಮುಂದೆ ಬಂದ ಡಿವಿಡಿಯಲ್ಲಿ 4.7 ಜಿಬಿ. ಸಿಡಿ ಬರೆಯುವ ಡ್ರೈವಿನ ಬೆಲೆ ಇಳಿದ ಮೇಲಂತೂ ಅದಿಲ್ಲದ ಕಂಪ್ಯೂಟರನ್ನು ನಾನು ಯಾರಿಗೂ ಜೋಡಿಸಿಕೊಟ್ಟ ನೆನಪಿಲ್ಲ. ಖಾಲಿ ಸಿಡಿಗಳನ್ನು ಜಗತ್ತಿಗೇ ಪೂರೈಸುತ್ತಿದ್ದ ಮೋಸರ್ ಬೇರ್ ನಮ್ಮ ದೇಶದ್ದೇ ಕಂಪನಿ. 2018ರಲ್ಲಿ ಅದನ್ನು ಮುಚ್ಚುವ ಆದೇಶ ಹೊರಬಿದ್ದ ಸುದ್ದಿ ಓದಿ ನನಗೆ ನಿಜಕ್ಕೂ ಸಂಕಟವಾಯಿತು.

ಡ್ರೈವ್ ಹೋದದ್ದು ಯಾಕೆ ಎಂದರೆ, ಮುಖ್ಯವಾಗಿ ಜಾಗಕ್ಕಾಗಿ. ಲ್ಯಾಪ್‌ಟಾಪಿನ ಡ್ರೈವ್ 12.7 ಮಿಲಿಮೀಟರ್ ದಪ್ಪವಿತ್ತು, ತೆಳ್ಳಗಿನದು 9.5. ಅದನ್ನು ಇಟ್ಟುಕೊಂಡು ಯಂತ್ರವನ್ನು ತೆಳ್ಳಗೆ ಮಾಡಲಾಗದು. 2008ರ ಜನವರಿಯಲ್ಲಿ ಆಪಲ್ ಡ್ರೈವ್ ಇಲ್ಲದ ಮ್ಯಾಕ್‌ಬುಕ್ ಏರ್ ತಂದಾಗ ಇದು ನಡೆಯುವ ಮಾತಲ್ಲ ಎಂದು ನಾವೆಲ್ಲ ವಾದಿಸಿದ್ದೆವು. ಅಷ್ಟರಲ್ಲಿ ಪೆನ್ ಡ್ರೈವ್ ಅಗ್ಗವಾಯಿತು, ಮನೆಗೆ ಬ್ರಾಡ್‌ಬ್ಯಾಂಡ್ ಬಂತು. 2012ರ ವಿಂಡೋಸ್ 8ರಲ್ಲಿ ಡಿವಿಡಿ ಸಿನಿಮಾ ನೋಡುವ ಸೌಲಭ್ಯವನ್ನೂ ಕೈಬಿಟ್ಟರು.

ಕೊಳ್ಳುವಾಗ ಒಂದು ಎಚ್ಚರ. ಯುಎಸ್‌ಬಿ 2ರ ಕಿಂಡಿ ಕೊಡುವ ವಿದ್ಯುತ್ 500 ಮಿಲಿಆಂಪಿಯರ್ ಮಾತ್ರ, ತಟ್ಟೆ ತಿರುಗಲು ಕೆಲವೊಮ್ಮೆ ಅದು ಸಾಲದು. ಡ್ರೈವ್ ಟಕ್ ಟಕ್ ಎಂದು ಸದ್ದು ಮಾಡಿ ನಿಂತರೆ ಸಿಡಿ ಕೆಟ್ಟಿದೆ ಎಂದು ಎಸೆಯಬೇಡಿ. ಎರಡು ಕಿಂಡಿಗೆ ಸಿಕ್ಕಿಸುವ ಕವಲು ಕೇಬಲ್ ಹಾಕಿ ನೋಡಿ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಸಲೀಸಾಗಿ ಓದಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಶಿರಸಿಯಿಂದ:
ಮದುವೆ ವಿಡಿಯೊ ಮಾಡುತ್ತಿದ್ದವನಾಗಿ ನಾಲ್ಕು ಮಾತು. ನಿಮ್ಮ ವಿಸಿಡಿಯಲ್ಲಿ ಎಂಪಿಇಜಿಎವಿ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಡಿಎಟಿ ಕಡತವೇ ನಿಮ್ಮ ಮದುವೆ. ನಕಲು ಮಾಡಿಕೊಂಡು, ವಿಡಿಯೊ ತೋರಿಸುವ ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ನೋಡಿ. ಚಿತ್ರ ಮಸುಕಾಗಿದ್ದರೆ ನಕಲಿನ ದೋಷವಲ್ಲ, ವಿಸಿಡಿಯ ಚಿತ್ರವೇ 352 x 288 ಚುಕ್ಕಿಗಳಷ್ಟು. ಡಿವಿಡಿಯಾದರೆ ವಿಒಬಿ ಕಡತಗಳು ಒಂದೊಂದು ಜಿಬಿಯ ತುಂಡುಗಳಾಗಿರುತ್ತವೆ, ಒಂದನ್ನೂ ಬಿಡಬೇಡಿ.

ಸಿಡಿಯ ಕೆಳಮೈ ಗೀರಿಗೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದು ಮೇಲ್ಮೈ ಗೀರಿಗೆ. ಬೆಳಕನ್ನು ಹಿಂದಿರುಗಿಸುವ ಲೋಹದ ಪದರ ಇರುವುದು ಹೆಸರು ಬರೆಯುವ ಬದಿಯಲ್ಲಿ, ತೆಳುವಾದ ಅರಗಿನ ಲೇಪದ ಅಡಿಯಲ್ಲಿ. ವಧೂವರರ ಫೋಟೊ ಇರುವ ಸ್ಟಿಕರನ್ನು ನಾನೇ ನೂರಾರು ಸಿಡಿಗಳ ಮೇಲೆ ಅಂಟಿಸಿ ಕೊಟ್ಟಿದ್ದೇನೆ. ಅದನ್ನು ಕೀಳಲು ಹೋದರೆ ಪದರವೂ ಕಿತ್ತು ಬರುತ್ತದೆ. ಆಗ ನನಗೆ ತಿಳಿದಿರಲಿಲ್ಲ, ಈಗ ನೆನೆದರೆ ನೋವಾಗುತ್ತದೆ. ನಿಮ್ಮದಕ್ಕೂ ಸ್ಟಿಕರ್ ಇದ್ದರೆ ಹಾಗೆಯೇ ಬಿಡಿ. ಒರೆಸುವಾಗ ಸುತ್ತಲೂ ತಿಕ್ಕದೆ, ನಡುವಿನಿಂದ ಅಂಚಿನ ಕಡೆಗೆ ಮೆತ್ತನೆಯ ಬಟ್ಟೆ ಎಳೆಯಿರಿ.

ಉಡುಪಿಯಿಂದ:
ಯಕ್ಷಗಾನದ ಧ್ವನಿಮುದ್ರಣ ಕೂಡಿಡುವವನು ನಾನು. ಅಮ್ಮಾ, ಆಡಿಯೊ ಸಿಡಿಯ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ವಿಂಡೋಸಿನಲ್ಲಿ ತೆರೆದರೆ ಸಿಡಿಎ ಎಂಬ ಕಡತಗಳು ಕಾಣುತ್ತವೆ. ಅವನ್ನು ನಕಲು ಮಾಡಿದರೆ ಬರುವುದು 44 ಬೈಟಿನ ಚೀಟಿ ಮಾತ್ರ, ಅದರಲ್ಲಿ ದನಿಯೇ ಇಲ್ಲ. ‘ರಿಪ್’ ಎಂಬ ಆಯ್ಕೆಯಿಂದಲೇ ತೆಗೆಯಬೇಕು. ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶವನ್ನು ನಾನು ಬಳಸುತ್ತೇನೆ. ಅನುಮಾನ ಬಂದ ಕಡೆ ಅದು ಮತ್ತೆ ಮತ್ತೆ ಓದುತ್ತದೆ. ಎಂಪಿ3 ಬೇಡ, ದನಿಯ ಯಾವ ಅಂಶವೂ ಕಳೆಯದ ಡಬ್ಲ್ಯುಎವಿ ಅಥವಾ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ತಾಳಮದ್ದಳೆಯ ಸಿಡಿಗಳನ್ನೇ ಮೊದಲು ಮಾಡಿ. ಮನೆಯಲ್ಲಿ ಬರೆದ ಸಿಡಿಯಲ್ಲಿ ದನಿ ನಿಂತಿರುವುದು ಬಣ್ಣದ ಪದರದ ಮೇಲೆ, ಬಿಸಿಲು ಸೋಕಿದರೆ ಅದು ಕೆಡುತ್ತದೆ.

ಸಾಗರದಿಂದ, ಮತ್ತೆ:
ಎಲ್ಲರಿಗೂ ಕೈಮುಗಿಯುತ್ತೇನೆ. ಐದು ವರ್ಷದ ಹಿಂದೆ ಭಾವ ನಕಲು ಮಾಡಿಕೊಟ್ಟಿದ್ದ ಪೆನ್ ಡ್ರೈವ್ ತೆಗೆದು ನೋಡಿದೆ. ಉಡುಪಿಯವರು ಹೇಳಿದಂತೆ ಅದರಲ್ಲಿ ಇದ್ದದ್ದು ಬರೀ 44 ಬೈಟಿನ ಕಡತಗಳು. ಸಿಡಿಗಳನ್ನು ಎಸೆಯದೆ ಇದ್ದದ್ದು ನಮ್ಮ ಪುಣ್ಯ. ಡ್ರೈವ್ ತರಿಸಿದೆ. ಮೊದಲೆರಡು ಸಿಡಿಗಳು ಪೂರ್ತಿ ಬಂದವು. ಭಾಗವತರ ಪದ್ಯ ಮುಗಿದು ಅಪ್ಪ ಗಂಟಲು ಸರಿಮಾಡಿಕೊಂಡ ಸದ್ದೂ ಬಂದಿದೆ. ಮೂರನೆಯದು ಎಪ್ಪತ್ತು ನಿಮಿಷದ್ದು, ಅರವತ್ತೆರಡಕ್ಕೆ ನಿಂತಿತು. ಸಿಡಿ ಒಳಗಿನಿಂದ ಹೊರಗೆ ಓಡುತ್ತದಂತೆ, ಹಾಗಾಗಿ ಕೊನೆಯ ಭಾಗವಿರುವುದು ಬೆರಳು ತಾಗಿ ತಾಗಿ ಸವೆದ ಅಂಚಿನಲ್ಲಿ. ಬಾಣ ತಗಲಿದ ವಾಲಿ ರಾಮನನ್ನು ಪ್ರಶ್ನಿಸುವುದು ಅಲ್ಲಿಯೇ. ಸಾಗರ, ಶಿವಮೊಗ್ಗದ ಆಸುಪಾಸಿನಲ್ಲಿ ಹಳೆಯ ಡೆಸ್ಕ್‌ಟಾಪ್ ಡ್ರೈವ್ ಇನ್ನೂ ಕೆಲಸ ಮಾಡುತ್ತಿರುವವರು ಇದ್ದರೆ ತಿಳಿಸಿ, ಸಿಡಿ ಹಿಡಿದುಕೊಂಡು ನಾನೇ ಬರುತ್ತೇನೆ.