ಎಂಎಂಎ ಹೋರಾಟಗಾರರ ಜೊತೆ ಅಭ್ಯಾಸ ಮಾಡಿದರೆ ನಮ್ಮ ಜಿಯು-ಜಿತ್ಸು ಸುಧಾರಿಸುತ್ತದೆಯೇ?

ಪ್ರಶ್ನೆ (ಮಣಿಪಾಲದಿಂದ):
ನಾನು ಕೆಲವು ವರ್ಷಗಳಿಂದ ಬ್ರೆಜಿಲಿಯನ್ ಜಿಯು-ಜಿತ್ಸು (ನೆಲದ ಮೇಲೆ ಹಿಡಿತಗಳಿಂದ ಎದುರಾಳಿಯನ್ನು ಸೋಲಿಸುವ ಕಲೆ) ಕಲಿಯುತ್ತಿದ್ದೇನೆ. ನಮ್ಮ ಅಭ್ಯಾಸವೆಲ್ಲ ಗಿ (ದಪ್ಪ ಬಟ್ಟೆಯ ಅಭ್ಯಾಸದ ಉಡುಪು) ಧರಿಸಿಯೇ ನಡೆಯುತ್ತದೆ, ರೋಲಿಂಗ್ (ಅಭ್ಯಾಸದ ಸೆಣಸಾಟ) ಹೆಚ್ಚಾಗಿ ಮಂಡಿಯೂರಿಯೇ ಆರಂಭವಾಗುತ್ತದೆ. ಮಂಗಳೂರಿನಲ್ಲಿ ಎಂಎಂಎ (ಹೊಡೆತ, ಒದೆತ, ಕುಸ್ತಿ ಎಲ್ಲವೂ ಸೇರಿದ ಮಿಶ್ರ ಸಮರಕಲೆ) ಸ್ಪರ್ಧೆಗೆ ತಯಾರಾಗುತ್ತಿರುವ ಕೆಲವರು ವಾರಾಂತ್ಯದ ಅಭ್ಯಾಸಕ್ಕೆ ಕರೆದಿದ್ದಾರೆ. ಸ್ಪರ್ಧೆಯಲ್ಲಿ ಹೊಡೆದಾಡುವ ಉದ್ದೇಶ ನನಗಿಲ್ಲ. ಹಾಗಿದ್ದರೂ ಹೋಗುವುದರಿಂದ ಪ್ರಯೋಜನ ಉಂಟೇ, ಅಥವಾ ಈಗಿರುವ ಆಟವೂ ಕೆಡುತ್ತದೆಯೇ?

ಉತ್ತರ (ಕದ್ರಿಯಿಂದ):
ಖಂಡಿತ ಹೋಗಿ. ಗಾರ್ಡ್‌ನಲ್ಲಿ (ಕೆಳಗಿದ್ದು ಕಾಲುಗಳಿಂದ ಎದುರಾಳಿಯನ್ನು ತಡೆಯುವ ಸ್ಥಿತಿಯಲ್ಲಿ) ನೀವು ಎಲ್ಲೆಲ್ಲಿ ವಿಶ್ರಾಂತಿ ಪಡೆಯುತ್ತೀರಿ ಎಂಬುದು ಅಲ್ಲಿ ಮೊದಲ ದಿನವೇ ಗೊತ್ತಾಗುತ್ತದೆ. ಕ್ಲೋಸ್ಡ್ ಗಾರ್ಡ್‌ನಲ್ಲಿ, ಅಂದರೆ ಸೊಂಟಕ್ಕೆ ನಮ್ಮ ಕಾಲುಗಳನ್ನು ಸುತ್ತಿ ಬಿಗಿದಿರುವಾಗ, ಎದುರಾಳಿ ಬೆನ್ನು ನೆಟ್ಟಗೆ ಮಾಡಿ ಕುಳಿತಾಗ, ನಮ್ಮ ತರಗತಿಯಲ್ಲಾದರೆ ಅವನ ತೋಳನ್ನು ಹಿಡಿದುಕೊಂಡು ಮುಂದೇನೆಂದು ಯೋಚಿಸಲು ಸಮಯವಿರುತ್ತದೆ. ಎಂಎಂಎ ಅಭ್ಯಾಸದಲ್ಲಿ ಅಷ್ಟರೊಳಗೆ ಅವನ ಅಂಗೈ ನಿಮ್ಮ ಕೆನ್ನೆಗೆ ತಾಗಿರುತ್ತದೆ. ಆದ್ದರಿಂದ ಮೊಣಕಾಲುಗಳಿಂದ ಅವನನ್ನು ಮುಂದಕ್ಕೆಳೆದು, ಒಂದು ಕೈಯಲ್ಲಿ ಓವರ್‌ಹುಕ್ ಹಾಕಿ (ಅವನ ತೋಳನ್ನು ಮೇಲಿನಿಂದ ಸುತ್ತಿ ಹಿಡಿದು), ಇನ್ನೊಂದರಲ್ಲಿ ಮಣಿಕಟ್ಟು ಹಿಡಿದು, ಅವನ ತಲೆಯನ್ನು ಎದೆಗೆ ಒತ್ತಿಕೊಳ್ಳುವುದು ತಾನಾಗಿಯೇ ರೂಢಿಯಾಗುತ್ತದೆ. ಎದುರಾಳಿಯ ಭಂಗಿ ಒಡೆಯಬೇಕೆಂದು ಗುರುಗಳು ಸಾವಿರ ಸಲ ಹೇಳಿದರೂ ನಾಟದ ಪಾಠ ಹೀಗೆ ನಾಟುತ್ತದೆ.

ಉತ್ತರ (ಉಡುಪಿಯಿಂದ):
ಮೇಲಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. 1993ರ ಮೊದಲ ಯುಎಫ್‌ಸಿಯಲ್ಲಿ (ಅಮೆರಿಕದ ಎಂಎಂಎ ಸ್ಪರ್ಧೆಯಲ್ಲಿ) ಜಿಯು-ಜಿತ್ಸುವಿನ ರಾಯ್ಸ್ ಗ್ರೇಸಿ ಗೆದ್ದಾಗ ನೆಲದ ಹೋರಾಟ ಹೆಚ್ಚಿನವರಿಗೆ ತಿಳಿದಿರಲಿಲ್ಲ. 2006ರಲ್ಲಿ ಕುಸ್ತಿ ಹಿನ್ನೆಲೆಯ ಮ್ಯಾಟ್ ಹ್ಯೂಸ್ ಅದೇ ಗ್ರೇಸಿಯವರ ಬೆನ್ನೇರಿ, ಮೊದಲ ಸುತ್ತಿನಲ್ಲೇ ಹೊಡೆತಗಳಿಂದ ಪಂದ್ಯ ಮುಗಿಸಿದರು. ಕ್ರೀಡಾ ಜಿಯು-ಜಿತ್ಸುವಿನಲ್ಲಿ ಬೆನ್ನು ಬಿಟ್ಟುಕೊಟ್ಟರೆ 4 ಅಂಕ ಹೋಗುತ್ತದೆ, ಅಷ್ಟೇ. ಅದರ ನಿಜವಾದ ಬೆಲೆ ಎಂಎಂಎಯವರ ಕೆಳಗೆ ಸಿಕ್ಕಿಕೊಂಡವರಿಗೇ ಗೊತ್ತು.

ಇನ್ನೊಂದು ಲಾಭವೆಂದರೆ ಎದ್ದು ನಿಲ್ಲುವ ಕಲೆ. ನಾವು ಕೆಳಗೆ ಬಿದ್ದರೆ ಗಾರ್ಡ್ ಹುಡುಕುತ್ತೇವೆ. ಅವರು ಗೋಡೆ ಹುಡುಕುತ್ತಾರೆ. ಗೋಡೆಗೆ ಬೆನ್ನು ಕೊಟ್ಟು, ಅಂಡರ್‌ಹುಕ್ ಗಳಿಸಿ (ಎದುರಾಳಿಯ ಕಂಕುಳ ಕೆಳಗಿಂದ ಕೈ ತೂರಿಸಿ), ಒಂದು ಕೈಯನ್ನು ನೆಲಕ್ಕೂರಿ ಏಳುವವನನ್ನು ಕೆಳಗೇ ಹಿಡಿದಿಡಲು ಯತ್ನಿಸಿದರೆ, ಮೇಲಿನಿಂದ ನೀವು ಹಾಕುವ ಒತ್ತಡದಲ್ಲಿ ಎಷ್ಟು ಸಡಿಲವಿದೆ ಎಂದು ತಿಳಿಯುತ್ತದೆ.

ಉತ್ತರ (ಸುರತ್ಕಲ್‌ನಿಂದ):
ನನ್ನ ಅಭಿಪ್ರಾಯ ಸ್ವಲ್ಪ ಭಿನ್ನ. ಗಿ ಸ್ಪರ್ಧೆಯೇ ನಿಮ್ಮ ಗುರಿಯಾಗಿದ್ದರೆ ಕಾಲರ್ ಹಿಡಿತ, ಡೆ ಲಾ ಹೀವಾ ಗಾರ್ಡ್ (ಎದುರಾಳಿಯ ಕಾಲಿಗೆ ಹೊರಗಿನಿಂದ ಕಾಲು ಕೊಕ್ಕೆ ಹಾಕುವ ಗಾರ್ಡ್) ಮುಂತಾದ ಸೂಕ್ಷ್ಮಗಳು ಅಲ್ಲಿ ಬೆಳೆಯುವುದಿಲ್ಲ, ಹಾಗಾಗಿ ಗಿ ತರಗತಿಯನ್ನು ಮಾತ್ರ ಬಿಡಬೇಡಿ. ಸ್ಪರ್ಧೆ ಹತ್ತಿರವಿರುವ ಹೋರಾಟಗಾರನ ವೇಗ ನಿಮಗೆ ಬೇಕಾದುದಲ್ಲ. ಹೊಡೆತ ಅಂಗೈಯಿಂದ, ಹಗುರವಾಗಿ ಎಂದು ಮೊದಲೇ ಮಾತಾಡಿಕೊಳ್ಳಿ, ಮೌತ್‌ಗಾರ್ಡ್ (ಹಲ್ಲಿನ ರಕ್ಷಕ) ಇಲ್ಲದೆ ಇಳಿಯಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮ್ಯಾಟ್ ಸರಿಯಾಗಿ ಒಣಗದೆ ಚರ್ಮದ ಸೋಂಕು ಬೇಗ ಹರಡುವುದರಿಂದ, ಅಲ್ಲಿ ಮ್ಯಾಟ್ ಒರೆಸುವ ಪದ್ಧತಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಗಿ ತರಗತಿಯನ್ನು ಮುಂದುವರಿಸಿಕೊಂಡೇ ಈ ಶನಿವಾರ ಹೋಗುತ್ತೇನೆ. ಗೋಡೆಯ ಬಳಿಯ ಅಭ್ಯಾಸವನ್ನೇ ಮೊದಲು ಕೇಳಿಕೊಳ್ಳುತ್ತೇನೆ, ಏಕೆಂದರೆ ನಮ್ಮಲ್ಲಿ ಅದನ್ನು ಯಾರೂ ಮಾಡಿಸುವುದಿಲ್ಲ.