ರೆಪೊಸಿಟರಿಗೆ ಏನೆನ್ನೋಣ? ಇವತ್ತೇ ಬೇಕು

ಕುಂಬಳೆಯಿಂದ:
ಕನ್ನಡ ಮಾಧ್ಯಮ ಶಾಲೆಗಳ ಲೈಬ್ರರಿಗೆ ನಾವು ನಾಲ್ಕೈದು ಜನ ಸೇರಿ ಒಂದು ಓಪನ್ ಸೋರ್ಸ್ ತಂತ್ರಾಂಶ ಬರೆದಿದ್ದೇವೆ. ಅದರ ಕೋಡ್ ಮತ್ತು ಹಳೆಯ ಬದಲಾವಣೆಗಳೆಲ್ಲ ಇರುವ ರೆಪೊಸಿಟರಿ ಈವರೆಗೆ ಗಿಟ್‌ಹಬ್ ಎಂಬ ಕೋಡ್ ಇಡುವ ತಾಣದಲ್ಲಿತ್ತು. 2018ರಲ್ಲಿ ಆ ತಾಣವನ್ನು ಮೈಕ್ರೋಸಾಫ್ಟ್ ಕೊಂಡದ್ದು ನಮ್ಮಲ್ಲೊಬ್ಬರಿಗೆ ಇನ್ನೂ ಜೀರ್ಣವಾಗಿಲ್ಲ. ಅಂಥದೇ ಗಿಟ್‌ಲ್ಯಾಬನ್ನು ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು, ಆದರೆ ದಿನಾ ನೋಡಿಕೊಳ್ಳುವವರು ಯಾರು? ಕೊನೆಗೆ ಬರ್ಲಿನ್‌ನ ಒಂದು ಸಂಘ ಲಾಭಕ್ಕಲ್ಲದೆ ನಡೆಸುವ ಕೋಡ್‌ಬರ್ಗ್ ಸಾಕು ಅಂತಾಯಿತು. ಈಗ ಶಾಲೆಗಳಿಗೆ ಕಳಿಸುವ ಸೂಚನೆಯಲ್ಲಿ ಒಂದು ಸಾಲು ನಿಂತುಹೋಗಿದೆ: “ನಮ್ಮ ____ ಈಗ ಕೋಡ್‌ಬರ್ಗ್‌ನಲ್ಲಿದೆ.” ‘ಕೋಶ’ ಅಂದರೆ ನಿಘಂಟು ಅಂದುಕೊಳ್ಳುತ್ತಾರೆ. ‘ಭಂಡಾರ’ ಆದೀತಾ? ರಾತ್ರಿಯೊಳಗೆ ಬೇಕು.

ಬದಿಯಡ್ಕದಿಂದ:
ಆಗದು. ನಮ್ಮೂರಲ್ಲಿ ಭಂಡಾರ ಅಂದರೆ ದೈವದ್ದು. “ಭಂಡಾರ ಕೋಡ್‌ಬರ್ಗ್‌ಗೆ ಹೊರಟಿತು” ಅಂದರೆ ಹೆಡ್‌ಮಾಷ್ಟ್ರು ಕೈ ಮುಗಿದಾರು.

ಹೊಸಂಗಡಿಯಿಂದ:
ಕುಲುಮೆ! ಇಂಥ ತಾಣಗಳಿಗೆ ಇಂಗ್ಲಿಷಿನಲ್ಲೂ ಫೋರ್ಜ್ ಅಂತಲೇ ಹೆಸರು. 1999ರ ಸೋರ್ಸ್‌ಫೋರ್ಜ್ ನೆನಪಿದೆ ಅಲ್ವಾ? ಕೋಡ್‌ಬರ್ಗ್ ಓಡುವುದು ಫೋರ್ಜೆಯೊ ಎಂಬ ತಂತ್ರಾಂಶದ ಮೇಲೆ. ಎಸ್ಪೆರಾಂಟೊ ಭಾಷೆಯಲ್ಲಿ ಆ ಪದಕ್ಕೆ ಅರ್ಥ ಕುಲುಮೆ. ಇನ್ನು ‘ಬರ್ಗ್’ ಅಂದರೆ ಜರ್ಮನ್‌ನಲ್ಲಿ ಬೆಟ್ಟ. ನಮ್ಮ ‘ಕೋಡು’ ಅಂದರೂ ಬೆಟ್ಟದ ತುದಿ. ಅವರು ಗೊತ್ತಿಲ್ಲದೆ ಅರ್ಧ ಕನ್ನಡದ ಹೆಸರಿಟ್ಟಿದ್ದಾರೆ!

ಬದಿಯಡ್ಕದಿಂದ:
ಮಾಷ್ಟ್ರೇ, ಕಾಸರಗೋಡಿನ ‘ಕೋಡಿ’ನ ಜಗಳವೇ ಇನ್ನೂ ಮುಗಿದಿಲ್ಲ, ಜರ್ಮನಿಗೆ ಯಾಕೆ ಹೋಗುತ್ತೀರಿ? ಅವರು ಕೇಳಿದ್ದು ತಾಣಕ್ಕಲ್ಲ, ಅದರೊಳಗೆ ಇಡುವುದಕ್ಕೆ. ಹಾಂ, ‘ಕಣಜ’ ಅಂತಲೂ ಯಾರೂ ಹೇಳಬೇಡಿ. ಕಣಜದಿಂದ ಒಂದು ಸೇರು ತೆಗೆದರೆ ಒಂದು ಸೇರು ಕಡಿಮೆ. ಈ ತಾಣಗಳ ಹಿಂದಿರುವ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕ್ಲೋನ್ (ನಕಲು) ಮಾಡಿಕೊಂಡವನ ಹತ್ತಿರ ಹಳೆಯ ಬದಲಾವಣೆಗಳೂ ಸೇರಿ ಪೂರ್ತಿ ಇರುತ್ತದೆ, ಇಲ್ಲಿಯೂ ಪೂರ್ತಿ ಉಳಿಯುತ್ತದೆ. ಸುಮ್ನೆ ‘ರೆಪೊ’ ಅಂತ ಬರೆಯಿರಿ.

ಹೊಸಂಗಡಿಯಿಂದ:
ಸರ್ಕಾರಿ ಕಾಗದ ಮಲಯಾಳದಲ್ಲಿ ಬಂದರೆ ಕೂಗಾಡುವ ನಾವು ಇಂಗ್ಲಿಷಿಗೆ ಮಣೆ ಹಾಕುವುದೋ?

ಬದಿಯಡ್ಕದಿಂದ:
‘ತಂತ್ರಾಂಶ’ಕ್ಕೆ ನೀವು ತಕರಾರು ಎತ್ತಲಿಲ್ಲ. ಸಂಸ್ಕೃತದ ಸಾಲಕ್ಕೆ ಬಡ್ಡಿ ಇಲ್ಲವೋ? ‘ಬೆಂಚು’, ‘ಬಸ್ಸು’ ಬಿಟ್ಟು ಒಂದು ದಿನ ಶಾಲೆ ನಡೆಸಿ ತೋರಿಸಿ.

ಹೊಸಂಗಡಿಯಿಂದ:
‘ಬಸ್ಸು’ ನಾವು ಪಳಗಿಸಿಕೊಂಡದ್ದು, ಕೊನೆಗೆ ಉಕಾರ ಉಂಟು. ‘ರೆಪೊ’ ಬ್ಯಾಂಕಿನವರ ಬಡ್ಡಿ ದರ. ಅದೂ ಗೊಂದಲವೇ.

ಕುಂಬಳೆಯಿಂದ:
ಇಬ್ಬರೂ ಕ್ಷಮಿಸಿ, ಸೂಚನೆ ಹೋಯಿತು. “ನಮ್ಮ ಕೋಡ್ ಈಗ ಕೋಡ್‌ಬರ್ಗ್‌ನಲ್ಲಿದೆ” ಅಂತ ಬರೆದೆ. ಟೀಚರುಗಳಿಗೆ ಅಷ್ಟು ಸಾಕು. ‘ಫೋರ್ಕ್’ (ಇನ್ನೊಬ್ಬರ ರೆಪೊಸಿಟರಿಯ ನಕಲು ಮಾಡಿ ಬೇರೆಯಾಗಿ ಮುಂದುವರಿಸುವುದು) ಬಗ್ಗೆ ನಾಳೆ ಕೇಳುತ್ತೇನೆ. ‘ಕವಲು’ ಅನ್ನೋಣವೆಂದರೆ ಒಂದೇ ರೆಪೊಸಿಟರಿಯೊಳಗೆ ಒಡೆಯುವ ‘ಬ್ರಾಂಚ್’ಗೂ ಅದೇ ಬೇಕಾಗುತ್ತದೆ.

ಬದಿಯಡ್ಕದಿಂದ:
ಬ್ರಾಂಚ್‌ಗೆ ಮರದ ‘ಗೆಲ್ಲು’. ಮುಗಿಯಿತು.

ಹೊಸಂಗಡಿಯಿಂದ:
ಘಟ್ಟದ ಮೇಲಿನವರು ಪಂದ್ಯ ಗೆಲ್ಲು ಅಂದುಕೊಳ್ಳುತ್ತಾರೆ.